ಟೈಪಮ್ಮನ ಮೂರನೆಯ ಪರೀಕ್ಷೆ

ಕೋರ್ಟಿನಲ್ಲಿ ಅವಳನ್ನು ಎಲ್ಲರೂ ಟೈಪಮ್ಮ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ನ್ಯಾಯಾಧೀಶರ ತೀರ್ಪುಗಳನ್ನು ಟೈಪು ಮಾಡಿ ಮಾಡಿ ಕಾನೂನು ಅವಳಿಗೆ ಅಂಗೈ ನೆಲ್ಲಿಕಾಯಿಯಾಗಿತ್ತು. ಸಂಜೆ ಕಾಲೇಜಿಗೆ ಹೋಗಿ ಕಾನೂನು ಪದವಿಯನ್ನೂ ಗಿಟ್ಟಿಸಿಕೊಂಡಿದ್ದಳು. ಆದರೆ ವಕೀಲಿಗೆ ಇಳಿಯುವ ಮುನ್ನ ಪಾಸಾಗಲೇಬೇಕಾದ ಪರೀಕ್ಷೆಯಲ್ಲಿ ಎರಡು ಸಲ ಮುಗ್ಗರಿಸಿದ್ದಳು. ಕೈಕೊಟ್ಟದ್ದು ತಲೆಯಲ್ಲ, ಕೈಯೇ. ಕೀಲಿಮಣೆಯ ಮೇಲೆ ಓಟ ಕೀಳುವ ಬೆರಳುಗಳು ಪೆನ್ನು ಹಿಡಿದರೆ ಒಂದು ಗಂಟೆಗೇ ಮರಗಟ್ಟುತ್ತಿದ್ದವು. ಎರಡೂ ಸಲ ಕೊನೆಯ ಎರಡು ಪ್ರಶ್ನೆಗಳಿಗೆ ಹಾಳೆ ಖಾಲಿ ಉಳಿದಿತ್ತು.

ಮೂರನೆಯ ಸಲಕ್ಕೆ ದಿನಚರಿ ಹಾಕಿಕೊಟ್ಟವನು ಗಂಡ. ಬಸ್ ಡಿಪೋದಲ್ಲಿ ವೇಳಾಪಟ್ಟಿ ತಯಾರಿಸುವುದೇ ಅವನ ಕೆಲಸ.

"ಬಸ್ಸು ತುಂಬ್ಲಿ ಅಂತ ಒಂದೇ ಸ್ಟಾಪಲ್ಲಿ ಕಾಯ್ತಾ ನಿಂತ್ರೆ ಮುಂದಿನ ಸ್ಟಾಪಿನವರ ಗತಿ ಏನು?" ಎಂದಿದ್ದ. "ಒಂದು ಪ್ರಶ್ನೆಗೆ ಅರ್ಧ ಗಂಟೆ. ವಾಕ್ಯ ನಡುವಲ್ಲಿದ್ರೂ ಸರಿ, ಬಿಟ್ಟು ಹೊರಡು."

ಬೆಳಿಗ್ಗೆ ಐದಕ್ಕೆದ್ದು ಹಳೆಯ ಪ್ರಶ್ನೆಯೊಂದಕ್ಕೆ ಕೈಯಲ್ಲೇ ಉತ್ತರ. ಆರಕ್ಕೆ ಪ್ರಶ್ನೆ ಚೀಟಿಗಳು. ಬರೆದದ್ದೂ ಅವನೇ, ಕೇಳುವವನೂ ಅವನೇ. ಕೋರ್ಟಿಗೆ ನಡೆದು ಹೋಗುವ ದಾರಿಯಲ್ಲಿ ಕಲಂಗಳ ಬಾಯಿಪಾಠ. ಮಧ್ಯಾಹ್ನದ ಬಿಡುವಿನಲ್ಲಿ, ಮಾಡಿದ ತಪ್ಪುಗಳನ್ನೆಲ್ಲ ಬರೆದಿಟ್ಟ ಪುಸ್ತಕದ ಮೇಲೆ ಕಣ್ಣು. ಭಾನುವಾರ ಗಡಿಯಾರ ಎದುರಿಗಿಟ್ಟುಕೊಂಡು ಪೂರ್ತಿ ನಾಲ್ಕು ಗಂಟೆಯ ಪರೀಕ್ಷೆ.

ಪರೀಕ್ಷೆಗೆ ಇನ್ನು ಹನ್ನೊಂದು ವಾರವಿದೆ ಎನ್ನುವಾಗ, ಡಿಪೋದಲ್ಲಿ ಕುರ್ಚಿಯಿಂದ ಎದ್ದವನು ಅಲ್ಲೇ ಕುಸಿದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಜೀವ ಹೋಗಿತ್ತು.

ಅವಳು ಅಳಲಿಲ್ಲ. ಹತ್ತು ದಿನ ಕಳೆದ ಮೇಲೆ ಬೆಳಿಗ್ಗೆ ಐದಕ್ಕೆದ್ದು ಬಾಡಿಗೆದಾರನ ಹಕ್ಕುಗಳ ಬಗ್ಗೆ ಮೂರು ಪುಟ ಬರೆದಳು. ಮಾತಾಡಿಸಲು ಬಂದವರು ಎದುರಿಗೆ "ಗಟ್ಟಿಗಿತ್ತಿ" ಎಂದರು, ಬಾಗಿಲು ದಾಟಿದ ಮೇಲೆ "ಕಲ್ಲು ಕಣ್ರೀ" ಎಂದರು. ಎರಡೂ ಅವಳ ಕಿವಿಗೆ ಬಿದ್ದವು. ಯಾವುದೂ ಒಳಗಿಳಿಯಲಿಲ್ಲ. ಸ್ನಾನಕ್ಕೆ ನಿಂತರೆ ಮೈಮೇಲೆ ಬಿದ್ದ ನೀರು ಬಿಸಿಯೋ ತಣ್ಣಗೋ ಎಂದು ಅವಳಿಗೇ ತಿಳಿಯುತ್ತಿರಲಿಲ್ಲ.

ಮನೆಯಲ್ಲಿ ಈಗ ಉಳಿದವರು ಅವಳು ಮತ್ತು ಅತ್ತೆ. ಇಬ್ಬರದೂ ಮೊದಲಿಂದ ಎಣ್ಣೆ ಸೀಗೇಕಾಯಿ. ಅವಳು ಸಂಜೆ ಕಾಲೇಜು ಸೇರಿದಾಗ ಅತ್ತೆ, "ಮನೇಲಿ ಇವಳ ಹತ್ರ ವಾದ ಮಾಡಿ ಗೆದ್ದೋರೇ ಇಲ್ಲ, ಇನ್ನು ಕರಿಕೋಟು ಬೇರೆ ಕೇಡು" ಎಂದಿದ್ದರು.

ಮೂರನೆಯ ವಾರ, ಆರು ಗಂಟೆಗೆ ಚೀಟಿಗಳನ್ನು ಹರಡಿಕೊಂಡು ತಾನೇ ಕೇಳಿ ತಾನೇ ಉತ್ತರಿಸುತ್ತಿದ್ದಳು. ಅತ್ತೆ ಬಂದರು. ಕನ್ನಡಕ ಒರೆಸಿಕೊಂಡು ಮಗನ ಕುರ್ಚಿಯಲ್ಲಿ ಕೂತರು.

"ಕೊಡಿಲ್ಲಿ."

ಅಂದಿನಿಂದ ಕೇಳುವ ಕೆಲಸ ಅತ್ತೆಯದಾಯಿತು. ಗಂಡನಾದರೋ ಹತ್ತಿರದ ಉತ್ತರಕ್ಕೆ ರಿಯಾಯಿತಿ ಕೊಡುತ್ತಿದ್ದ. ಅತ್ತೆ ಕೂದಲೆಳೆಯಷ್ಟೂ ಬಿಡುತ್ತಿರಲಿಲ್ಲ.

"ಚೀಟಿಲಿ 'ತಕ್ಷಣ' ಅಂತಿದೆ. ನೀನು 'ಬೇಗ' ಅಂದೆ. ತಪ್ಪು."

"ಅರ್ಥ ಒಂದೇ ಅಲ್ವಾ ಅತ್ತೆ?"

"ಒಂದೇ ಆಗಿದ್ರೆ ಎರಡು ಪದ ಯಾಕಿರ್ತಿತ್ತು?"

ಒಂದು ಬೆಳಿಗ್ಗೆ ಅತ್ತೆ ಚೀಟಿ ತೆಗೆದು ಓದತೊಡಗಿದರು. "ಉಯಿಲು ಬರೆಯದೆ ಒಬ್ಬ ಸತ್ತಿದ್ದಾನೆ. ಮಕ್ಕಳಿಲ್ಲ. ತಾಯಿ ಇದ್ದಾಳೆ, ಹೆಂಡತಿ ಇದ್ದಾಳೆ..." ಅಲ್ಲಿಗೆ ನಿಂತರು. ಅವನದೇ ಅಕ್ಷರ, ಬಲಕ್ಕೆ ಸ್ವಲ್ಪ ವಾಲಿದ್ದು. ಬೀದಿಯಲ್ಲಿ ಯಾರೋ ಅಂಗಡಿಯ ಷಟರ್ ಎತ್ತಿದ ಸದ್ದಾಯಿತು.

"ಇಬ್ಬರಿಗೂ ಸಮಪಾಲು," ಎಂದಳು ಅವಳು.

"ಕಲಂ?"

ಹೇಳಿದಳು.

"ಸರಿ," ಎಂದು ಅತ್ತೆ ಮುಂದಿನ ಚೀಟಿಗೆ ಕೈಹಾಕಿದರು. ಆ ದಿನ ಒಲೆಯ ಮೇಲಿನ ಹಾಲು ಉಕ್ಕಿತು. ಇಬ್ಬರೂ ನಿಂತು ನೋಡಿದರು. ಪಾತ್ರೆಯಲ್ಲಿ ಕಾಲುಭಾಗ ಉಳಿಯುವವರೆಗೆ ಯಾರೂ ಒಲೆ ಆರಿಸಲಿಲ್ಲ.

ಪರೀಕ್ಷೆಯ ದಿನ ಎಂಟು ಪ್ರಶ್ನೆ, ನಾಲ್ಕು ಗಂಟೆ. ಐದನೆಯ ಉತ್ತರ "ಆದುದರಿಂದ" ಎಂಬಲ್ಲಿಗೆ ಬಂದಾಗ ಅರ್ಧ ಗಂಟೆ ಮುಗಿಯಿತು. ಬಿಟ್ಟು ಹೊರಟಳು. ಬೆರಳುಗಳು ನೋಯುತ್ತಿದ್ದವು, ಬೇರೆ ಯಾರದೋ ಬೆರಳೆಂಬಂತೆ ನೋಡಿಕೊಂಡು ಬರೆದಳು. ಗಂಟೆ ಬಾರಿಸಿದಾಗ ಎಂಟೂ ಮುಗಿದಿದ್ದವು. ಹೊರಗೆ ಹುಡುಗ ಹುಡುಗಿಯರು ಗುಂಪುಗೂಡಿ, ನಿಂದೇನು ನಂದೇನು ಎಂದು ಉತ್ತರಗಳನ್ನು ತಾಳೆ ನೋಡುತ್ತಿದ್ದರು. ಅವಳು ನಿಲ್ಲದೆ ಮನೆಗೆ ನಡೆದಳು.

ಎರಡು ತಿಂಗಳಿಗೆ ಫಲಿತಾಂಶ ಬಂತು. ಪಾಸಿಗಿಂತ ನಾಲ್ಕು ಅಂಕ ಹೆಚ್ಚು.

"ನಾಲ್ಕೇನಾ?" ಎಂದರು ಅತ್ತೆ.

"ನಾಲ್ಕೇ."

"ಸಾಕು ಬಿಡು. ನಲವತ್ತು ಬಂದಿದ್ರೂ ಅದೇ ಕೋಟು ತಾನೆ." ಎದ್ದು ಒಳಗೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯುವುದು ಕೇಳಿಸಿತು. ಅವಳು ಹೊರಗೆ ಕೂತು, ಬರಬೇಕಾದ ಸೀನಿಗೆ ಮೂಗೆತ್ತಿ ಕಾಯುವವರಂತೆ ಸಂತೋಷಕ್ಕೆ ಕಾದಳು. ಬರಲಿಲ್ಲ.

ಟೈಪಿಂಗ್ ಕೆಲಸ ಬಿಟ್ಟು ಹಿರಿಯ ವಕೀಲರೊಬ್ಬರ ಕಚೇರಿಯ ಮೂಲೆಯಲ್ಲಿ ಮೇಜು ಹಾಕಿಕೊಂಡಳು. ಮೊದಲ ವಾರವೆಲ್ಲ ಕಡತಗಳಿಗೆ ದಾರ ಕಟ್ಟುವುದೇ ಆಯಿತು. ಎಂಟನೆಯ ದಿನ, ಅಂಗಿಯ ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿಕೊಂಡ ದರ್ಜಿಯೊಬ್ಬ ಬಂದು ಎದುರಿಗೆ ಕೂತ. ಪಕ್ಕದ ಮನೆಯವರ ಮೇಕೆ ಅವನ ಅಂಗಳದ ಗಿಡಗಳನ್ನೆಲ್ಲ ಮೇದುಬಿಟ್ಟಿತ್ತಂತೆ.

"ಮೊದಲು ಅವರಿಗೊಂದು ನೋಟಿಸ್ ಕೊಡಬೇಕು," ಎಂದಳು.

"ಕೊಟ್ಟೆ ಮೇಡಂ. ನಾನೇ ಬರೆದು ಗೇಟಿಗೆ ಸಿಕ್ಕಿಸಿ ಬಂದೆ." ದರ್ಜಿ ದನಿ ತಗ್ಗಿಸಿದ. "ಅದನ್ನೂ ಮೇಕೆ ತಿಂತು."

ಅವಳ ಗಂಟಲಿನಿಂದ ಏನೋ ಒಂದು ಸದ್ದು ಹೊರಟಿತು. ನಗು ಎಂದು ಗೊತ್ತಾಗುವಷ್ಟರಲ್ಲಿ ಅದು ಅವಳ ಕೈಮೀರಿತ್ತು. ಪಕ್ಕದ ಮೇಜಿನ ಗುಮಾಸ್ತ ತಲೆಯೆತ್ತಿ ನೋಡಿದ.

"ಇದರಲ್ಲಿ ನಗೋದೇನು ಬಂತು?" ದರ್ಜಿಯ ಮುಖ ಕೆಂಪಾಯಿತು.

"ಕ್ಷಮಿಸಿ," ಎಂದು ಕಣ್ಣೊರೆಸಿಕೊಂಡಳು. ಪೆನ್ನಿನ ಮುಚ್ಚಳ ತೆಗೆದಳು. "ಎಷ್ಟು ಹಾಳೆ ಇತ್ತು ಆ ನೋಟಿಸು?"