ಮರಿಗುರುವಿನ ಪ್ರಾರ್ಥನೆ

"ಇನ್ನೊಂದು ಹೆಜ್ಜೆ ಕಣೇ. ಕಿಟಕಿ ಇಲ್ಲೇ ಇದೆ, ಎಲ್ಲೂ ಓಡಿಹೋಗಿಲ್ಲ," ಎನ್ನುತ್ತ ಕ್ಷೌರಿಕ ಹೆಂಡತಿಯ ಎರಡೂ ಕೈ ಹಿಡಿದು ಹಿಂದುಹಿಂದಕ್ಕೆ ಸರಿಯುತ್ತಿದ್ದ. ಅವಳು ಹಲ್ಲು ಕಚ್ಚಿ ಬಲಗಾಲು ಮುಂದಿಟ್ಟಳು. ಎಡಗಾಲು ನೆಲ ಉಜ್ಜಿಕೊಂಡು ಅದರ ಹಿಂದೆ ಬಂತು. ಊದಿಕೊಂಡ ಹೊಟ್ಟೆಯ ಮೇಲೆ ನೈಟಿ ಬಿಗಿಯಾಗಿತ್ತು, ಮಿಕ್ಕ ಕಡೆಯೆಲ್ಲ ಯಾರದೋ ಬಟ್ಟೆಯಂತೆ ಜೋತಾಡುತ್ತಿತ್ತು.

ಸಲೂನಿನ ಮಹಡಿಯ ಆ ಕೋಣೆಯ ಬಾಗಿಲಲ್ಲಿ ನಿಂತ ಮರಿಗುರುವಿಗೆ ಒಳಗೆ ಕಾಲಿಡಲೂ ಆಗಲಿಲ್ಲ, ತಿರುಗಿ ಮೆಟ್ಟಿಲಿಳಿಯಲೂ ಆಗಲಿಲ್ಲ. ಅವನ ಹಿಂದೆ ನಿಂತಿದ್ದ ಜೊತೆಗಾರ ಕೆಮ್ಮಿದ.

"ಬಂದ್ರಾ? ನೋಡು ಮರಿಗುರು, ಚೆನ್ನಾಗಿ ನೋಡು," ಎಂದ ಕ್ಷೌರಿಕ, ಬೆವರಿದ ಮುಖ ಅರಳಿಸಿ. "ನಿನ್ನೆ ಕುರ್ಚಿವರೆಗೂ ಬಂದಿರ್ಲಿಲ್ಲ. ಇವತ್ತು ಕುರ್ಚಿ ದಾಟಿದಾಳೆ. ನಿನ್ನ ಬಾಯಿಗೆ ಸಕ್ಕರೆ ಹಾಕ್ಬೇಕು ಕಣಪ್ಪ."

ಮರಿಗುರು ನಕ್ಕಂತೆ ಮಾಡಿದ.

ಮರಿಗುರು ಎಂಬುದು ಕ್ಷೌರಿಕನೇ ಇಟ್ಟ ಹೆಸರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೊಂದು ಚೀಲ, ಚೀಲದಲ್ಲಿ ದೇವರ ಪುಸ್ತಕ, ಗಲ್ಲದ ಮೇಲೆ ಇನ್ನೂ ಪೂರ್ತಿ ಮನಸ್ಸು ಮಾಡದ ಗಡ್ಡ. ಇಂಥ ಹುಡುಗನನ್ನು ಗುರುಗಳೇ ಎಂದು ಕರೆಯಲು ಯಾರಿಗೆ ತಾನೆ ನಾಲಿಗೆ ಹೊರಳುತ್ತದೆ? ಅವನ ಕ್ರೈಸ್ತ ಸಭೆಯಲ್ಲಿ ಹರೆಯದವರನ್ನು ಆರಿಸಿ, ಇಬ್ಬಿಬ್ಬರನ್ನು ಜೋಡಿ ಮಾಡಿ, ಗೊತ್ತಿಲ್ಲದ ಊರಿಗೆ ಮನೆಮನೆ ತಿರುಗಿ ದೇವರ ಮಾತು ಸಾರುವ ಸೇವೆಗೆ ಕಳಿಸುವುದು ರೂಢಿ. ಒಬ್ಬನನ್ನು ಬಿಟ್ಟು ಇನ್ನೊಬ್ಬ ಎಲ್ಲೂ ಹೋಗಕೂಡದು. ಒಟ್ಟಿಗೆ ಏಳಬೇಕು, ಒಟ್ಟಿಗೆ ಬೇಯಿಸಿಕೊಳ್ಳಬೇಕು, ಒಟ್ಟಿಗೆ ಬೈಸಿಕೊಳ್ಳಬೇಕು. ಅವನ ಜೊತೆಗಾರನಿಗೆ ಈ ಕೆಲಸ ಹಳೆಯದು. ಬಾಗಿಲು ಮುಖಕ್ಕೆ ಹೊಡೆದಂತೆ ಮುಚ್ಚಿಕೊಂಡರೂ ಅವನು ಬಾಗಿಲಿಗೇ ನಮಸ್ಕಾರ ಹೇಳಿ ಮುಂದಿನ ಮನೆಗೆ ಹೋಗುತ್ತಿದ್ದ. ಮರಿಗುರು ಮಾತ್ರ ಪ್ರತಿ ಸಲವೂ ತನ್ನ ಅಪ್ಪನೇ ಹೊರಗೆ ಹಾಕಿದಂತೆ ನೊಂದುಕೊಳ್ಳುತ್ತಿದ್ದ.

ಒಂದು ದಿನ ಯಾರೋ ನೀರು ಕೊಟ್ಟು ಕೂರಿಸಿದರೆ ಸ್ವರ್ಗಕ್ಕೆ ಮೂರೇ ಗೇಣು. ಮರುದಿನ ಅದೇ ಮನೆಯವರು ಪರದೆಯ ಹಿಂದೆ ನಿಂತು "ಮನೇಲಿ ಯಾರೂ ಇಲ್ಲ" ಎಂದರೆ ಅನ್ನ ಸೇರದು. ಭಾನುವಾರದ ಪ್ರಾರ್ಥನೆಗೆ ಬಾಡಿಗೆ ಕೋಣೆಯಲ್ಲಿ ಕುರ್ಚಿಗಳನ್ನು ಒರೆಸಿ ಸಾಲಾಗಿ ಇಡುವುದು ಅವನ ಪಾಳಿ. ಬರುವವರು ಅದೇ ನಾಲ್ಕಾರು ಮುದುಕಿಯರು, ಕೂರುವುದು ಅದೇ ಮುಂದಿನ ಸಾಲಿನಲ್ಲಿ. ಹಿಂದಿನ ಕುರ್ಚಿಗಳನ್ನು ಒರೆಸಿದ್ದೇ ಬಂತು.

ಇಡೀ ಬೀದಿಯಲ್ಲಿ ಅವರನ್ನು ದಿನಾ ಒಳಗೆ ಕರೆದು ಕೂರಿಸುತ್ತಿದ್ದವನು ಕ್ಷೌರಿಕನೊಬ್ಬನೇ. ದೇವರ ಮೇಲಿನ ಪ್ರೀತಿಗಲ್ಲ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾತಿಗೆ ಜನ ಬೇಕಿತ್ತು. "ನಿಮ್ಮ ದೇವರಿಗೆ ಎಲ್ಲರ ತಲೆಕೂದಲ ಲೆಕ್ಕ ಗೊತ್ತಂತೆ, ಹೌದಾ? ಹಾಗಾದ್ರೆ ದಿನಾ ಸಂಜೆ ನಾನು ಗುಡಿಸಿ ಹಾಕೋದನ್ನೂ ಕಳೀತಾನಾ?" ಎಂದು ಕಾಲೆಳೆಯುತ್ತಿದ್ದ. ಅವನ ಹೆಂಡತಿಗೆ ಹೊಟ್ಟೆಯಲ್ಲಿ ಗಡ್ಡೆ. ಕೊಯ್ದು ಪ್ರಯೋಜನವಿಲ್ಲ, ಮನೆಗೆ ಕರೆದುಕೊಂಡು ಹೋಗಿ, ತಿಳಿಸಬೇಕಾದವರಿಗೆ ತಿಳಿಸಿ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ ದಿನ ಅವನ ಕಾಲೆಳೆಯುವ ಚಟ ನಿಂತಿತು. ತಾನಾಗಿ ಇವರನ್ನು ಮಹಡಿಗೆ ಕರೆದುಕೊಂಡು ಹೋದ. "ಏನೋ ಮಾಡ್ತೀರಲ್ಲ, ಅದನ್ನ ಮಾಡ್ರಪ್ಪ," ಎಂದ.

ರೋಗಿಯ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುವಾಗ ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಸಭೆಯ ಹಿರಿಯರು ಅವರಿಗೆ ಕಲಿಸಿಕೊಟ್ಟಿದ್ದರು. ಬಲ ಕೊಡು, ಸಮಾಧಾನ ಕೊಡು ಎಂದು ಕೇಳಬಹುದು. ಗುಣಪಡಿಸು ಎಂದೂ ಕೇಳಬಹುದು. ಆದರೆ ಕೊನೆಗೆ "ನಿನ್ನ ಚಿತ್ತವಿದ್ದರೆ" ಎಂದು ಸೇರಿಸಲೇಬೇಕು. ಆ ದಿನ ಮರಿಗುರುವಿನ ಅಂಗೈ ಕೆಳಗೆ ಅವಳ ನೆತ್ತಿ ಬಿಸಿಯಾಗಿತ್ತು. ಎದುರಿಗೆ ಕ್ಷೌರಿಕ ಮೊಣಕಾಲೂರಿ, ಕಣ್ಣು ಬಿಟ್ಟುಕೊಂಡೇ ಇವನ ತುಟಿಗಳನ್ನು ನೋಡುತ್ತಿದ್ದ. ಯಾವತ್ತೂ ಯಾರೂ ಇವನ ಮಾತಿಗಾಗಿ ಹಾಗೆ ಕಾದಿರಲಿಲ್ಲ. "ನೀನು ಏಳುತ್ತೀ. ನಿನ್ನ ಕಾಲ ಮೇಲೆ ನಡೆದು ಸಭೆಗೆ ಬರುತ್ತೀ. ಇದು ದೇವರು ಕೊಟ್ಟ ಮಾತು," ಎಂದುಬಿಟ್ಟ. ಬಾಯಿಂದ ಬಿದ್ದ ಮೇಲೆ ಅವನಿಗೇ ಮೈ ಜುಮ್ಮೆಂದಿತು. ಅದನ್ನೇ ಅವನು ದೇವರ ಪ್ರೇರಣೆ ಎಂದುಕೊಂಡ.

"ಚಿತ್ತವಿದ್ದರೆ ಅನ್ಲಿಲ್ಲ ನೀನು," ಎಂದಿದ್ದ ಜೊತೆಗಾರ, ಬೀದಿಗೆ ಬಂದ ಕೂಡಲೇ.

"ಮರೆತುಹೋಯ್ತು."

ಮರೆತಿರಲಿಲ್ಲ. ಆ ಮಾತು ಸೇರಿಸಿದ್ದರೆ ಕ್ಷೌರಿಕನ ಮುಖ ಮತ್ತೆ ಬಾಡುತ್ತಿತ್ತು. ಅಷ್ಟೇ ಆಗಿದ್ದರೆ ಕನಿಕರ ಎನ್ನಬಹುದಿತ್ತು. ಆ ಮಾತಾಡುತ್ತ ಕಣ್ಣು ಮುಚ್ಚಿಕೊಂಡಾಗ ಅವನಿಗೆ ಕಂಡದ್ದು ಹಿಂದಿನ ಸಾಲಿನ ಕುರ್ಚಿಗಳಲ್ಲಿ ಕೂತ ಗಂಡ ಹೆಂಡತಿ, ತಿರುಗಿ ತಿರುಗಿ ನೋಡುವ ಮುದುಕಿಯರು, ಬೆನ್ನು ತಟ್ಟುವ ಹಿರಿಯರು. ಅದನ್ನು ನೆನೆದಾಗೆಲ್ಲ ಅವನಿಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ದೇವರ ಮಾತೆಂದ ಮೇಲೆ ಕ್ಷೌರಿಕ ಸುಮ್ಮನೆ ಕೂರುವ ಆಸಾಮಿಯಲ್ಲ. ನಡೆಯುತ್ತಾಳೆ ಎಂದಾದರೆ ರೂಢಿಯಾಗಬೇಕಲ್ಲ ಎಂದು ಬೆಳಗ್ಗೆ ಅಂಗಡಿ ತೆಗೆಯುವ ಮುಂಚೆ ಒಮ್ಮೆ, ಮಧ್ಯಾಹ್ನ ಒಮ್ಮೆ ಅವಳನ್ನು ಮಂಚದಿಂದ ಎಬ್ಬಿಸಿ ನಡೆಸತೊಡಗಿದ.

ಈಗಲೂ ಹಾಗೆ ನಡೆಸುತ್ತಿರುವಾಗ ಕೆಳಗಿನ ಅಂಗಡಿಯಿಂದ ಯಾರೋ ಗಿರಾಕಿ ಕೂಗಿದ. ಕ್ಷೌರಿಕ ಹೆಂಡತಿಯನ್ನು ಮಂಚದ ಮೇಲೆ ಕೂರಿಸಿ, "ಹುಡುಗರ ಹತ್ರ ಮಾತಾಡ್ತಿರು, ಬಂದೆ," ಎಂದು ದಡದಡ ಇಳಿದುಹೋದ. ಅವನ ಹೆಜ್ಜೆ ಸಪ್ಪಳ ನಿಲ್ಲುವವರೆಗೆ ಕಾದು ಅವಳು ಒಂದು ಕಡೆಗೆ ವಾಲಿದಳು. ಮರಿಗುರು ಓಡಿಹೋಗಿ ದಿಂಬು ಒತ್ತುಕೊಟ್ಟ. ತಡೆದಿದ್ದ ನರಳಾಟವೆಲ್ಲ ಒಮ್ಮೆಗೇ ಹೊರಗೆ ಬಂತು. ಸುಮಾರು ಹೊತ್ತು ನರಳಿದಳು.

"ಮುಖ ಯಾಕೆ ಹಾಗೆ ಮಾಡ್ಕೊಂಡಿದೀಯ?" ಎಂದಳು ಕೊನೆಗೆ. "ಸಾಯ್ತಿರೋಳು ನಾನಪ್ಪ."

"ಅಕ್ಕ, ಇಷ್ಟು ನೋವಲ್ಲಿ ಯಾಕೆ ನಡೀತೀರಿ?"

"ಅವರು ನಡಿ ಅಂತಾರೆ, ನಡೀತೀನಿ. ಆ ಮನುಷ್ಯ ಹುಟ್ಟಿದಾಗಿಂದ ಏನನ್ನೂ ನಂಬಿದೋರಲ್ಲ. ಮಳೆ ಬರುತ್ತೆ ಅಂತ ರೇಡಿಯೋದಲ್ಲಿ ಹೇಳಿದ್ರೆ ಛತ್ರಿ ಮನೇಲೇ ಬಿಟ್ಟು ಹೋಗೋರು. ಈಗ ಇದೊಂದನ್ನ ನಂಬ್ಕೊಂಡು ಊಟ ಮಾಡ್ತಿದಾರೆ, ನಿದ್ದೆ ಮಾಡ್ತಿದಾರೆ. ನಾನು ಹೇಗೆ ಕಿತ್ಕೊಳ್ಲಿ?"

"ನೀವು ನಂಬಿದೀರಾ?" ಎಂದು ಕೇಳಿದ ಮರಿಗುರು. ಕೇಳಬಾರದಿತ್ತು.

"ನನ್ನ ಹೊಟ್ಟೆ ನನಗೆ ಗೊತ್ತಿಲ್ವಾ." ಅವಳು ಕಣ್ಣು ಮುಚ್ಚಿದಳು. "ಮಗಳನ್ನ ನೋಡ್ಬೇಕು ಅಂತ ಒಂದೇ ಆಸೆ. ದೂರದೂರಿನ ಸ್ಕೂಲಲ್ಲಿ ಪಾಠ ಹೇಳ್ತಾಳೆ. ಟಿಕೆಟ್ಟೂ ತೆಗೆಸಿದ್ಲು. ನಿನ್ನ ಪ್ರಾರ್ಥನೆ ಆಗಿದ್ದೇ ಆಗಿದ್ದು, ಇವರು ಫೋನ್ ಮಾಡಿ ಬರಬೇಡ ಅಂದ್ಬಿಟ್ರು. ಸುಮ್ಮನೆ ರಜಾ ಯಾಕೆ ಕಳ್ಕೊಳ್ತೀಯ, ಅಮ್ಮ ಎದ್ದ ಮೇಲೆ ನಾವೇ ಬರ್ತೀವಿ ಅಂತ. ಈಗ ಅವಳನ್ನ ಕರೀರಿ ಅಂತ ನಾನು ಬಾಯಿ ಬಿಟ್ರೆ, ನಾನು ಉಳಿಯಲ್ಲ ಅಂತ ನಾನೇ ಹೇಳ್ದಂಗಲ್ವಾ?"

ಮಗಳ ವಿಷಯ ಮರಿಗುರುವಿಗೆ ಗೊತ್ತೇ ಇರಲಿಲ್ಲ. ಜೊತೆಗಾರ ಬಾಗಿಲ ಚೌಕಟ್ಟಿಗೆ ಒರಗಿ ನೆಲ ನೋಡುತ್ತಿದ್ದ.

ಇಬ್ಬರೂ ಹೊರಗೆ ಬಂದು ಬೀದಿಯ ತಿರುವು ದಾಟಿದರು.

"ನೀನು ಹೇಳ್ತೀಯಾ ಅವರಿಗೆ? ನಿನ್ನ ಮಾತಿಗೆ ತೂಕ ಇದೆ," ಎಂದ ಮರಿಗುರು.

"ಗಂಟು ಹಾಕಿದೋನು ನೀನು. ನೀನೇ ಬಿಚ್ಚು."

"ಇನ್ನೆರಡು ದಿನ ನೋಡೋಣ. ಏನಾದ್ರೂ ಗುಣ ಕಂಡ್ರೆ..."

"ಯಾರ ಎರಡು ದಿನ ಅದು?" ಎಂದ ಜೊತೆಗಾರ. ಅವನು ಗದರಿಸಲಿಲ್ಲ. ಗದರಿಸಿದ್ದರೆ ಮರಿಗುರು ತಿರುಗಿ ಜಗಳವಾದರೂ ಆಡುತ್ತಿದ್ದ.

ಆದರೂ ಮರಿಗುರು ಕ್ಷೌರಿಕನಿಗೆ ಹೇಳಲಿಲ್ಲ. ಮರುದಿನ ಜೊತೆಗಾರನನ್ನು ಎಳೆದುಕೊಂಡು ಆಚೆ ಬಡಾವಣೆಯಲ್ಲಿ ಬಾಗಿಲು ತಟ್ಟಲು ಹೋದ. ಅದರ ಮರುದಿನ ಸಲೂನಿನ ಎದುರು ಹಾಯದೆ ಪಕ್ಕದ ಕಾಲುದಾರಿ ಹಿಡಿದ. ರಾತ್ರಿ ಮಂಡಿಯೂರಿ, ಅವಳನ್ನು ನಿಜವಾಗಿ ಎಬ್ಬಿಸಿಬಿಡು ಎಂದು ಕಣ್ಣೀರು ಹಾಕಿದ. ಅದರಲ್ಲೂ ಅವಳ ಪಾಲೆಷ್ಟು, ತನ್ನ ಮಾನದ ಪಾಲೆಷ್ಟು ಎಂದು ಅವನಿಗೇ ಗೊತ್ತಾಗಲಿಲ್ಲ. ಅವಳು ಹಲ್ಲು ಕಚ್ಚಿ ನಡೆಯುತ್ತಿರುತ್ತಾಳೆ, ಮಗಳು ಅಲ್ಲಿ ನಿಶ್ಚಿಂತೆಯಿಂದ ಮಕ್ಕಳಿಗೆ ಮಗ್ಗಿ ಹೇಳಿಸುತ್ತಿರುತ್ತಾಳೆ, ತಾನು ಇಲ್ಲಿ ಬಚ್ಚಿಟ್ಟುಕೊಂಡು ಓಡಾಡುತ್ತಿದ್ದೇನೆ ಎನ್ನಿಸಿ ಉಣ್ಣದೆ ಎದ್ದ. ಜೊತೆಗಾರ ಅವನ ತಟ್ಟೆ ನೋಡಿ, ಮುಚ್ಚಿಟ್ಟ.

ಕೊನೆಗೆ ಕ್ಷೌರಿಕನೇ ಬೀದಿಗಿಳಿದು ಹಿಡಿದ. "ಏನಪ್ಪ, ಮುಖ ತಪ್ಪಿಸ್ಕೊಂಡು ಓಡಾಡ್ತೀಯಾ? ಗಡ್ಡ ನೋಡ್ಕೋ, ಬಿತ್ತಿ ಮರೆತ ಹೊಲ ಆಗಿದೆ. ಬಾ, ಕೂತ್ಕೋ."

ಬಿಳಿ ಬಟ್ಟೆ ಕುತ್ತಿಗೆಗೆ ಸುತ್ತಿಕೊಂಡಿತು. ಕುರ್ಚಿ ಹಿಂದಕ್ಕೆ ವಾಲಿತು. ಬ್ರಷ್ಷು ಕೆನ್ನೆಯ ಮೇಲೆ ತಣ್ಣಗೆ ಸುತ್ತು ಹಾಕತೊಡಗಿತು. ಜೊತೆಗಾರ ಬೆಂಚಿನ ಮೇಲೆ ಕೂತು ಹಳೆಯ ಪತ್ರಿಕೆ ಬಿಡಿಸಿದ. ಪುಟ ಮಾತ್ರ ತಿರುವಲಿಲ್ಲ.

"ನಿನ್ನೆ ಸ್ವಲ್ಪ ಬಿದ್ಲು," ಎಂದ ಕ್ಷೌರಿಕ, ಕತ್ತಿಯನ್ನು ಚರ್ಮದ ಪಟ್ಟಿಗೆ ಸವರುತ್ತ. "ನಾನೇ ಆತುರ ಮಾಡಿದೆ. ಪರವಾಗಿಲ್ಲ, ತುಟಿ ಒಡೆದಿದೆ ಅಷ್ಟೆ. ಸಂಜೆ ಮತ್ತೆ ಎಬ್ಬಿಸ್ತೀನಿ. ಮಗಳು ಮತ್ತೆ ಫೋನ್ ಮಾಡಿದ್ಲು, ಬರ್ಲಾ ಅಂತ. ಹುಚ್ಚುಡುಗಿ. ದೇವರೇ ಮಾತು ಕೊಟ್ಟ ಮೇಲೆ ನಿಂದೇನೇ ಅವಸರ ಅಂದೆ."

ಕತ್ತಿ ಕಿವಿಯ ಬುಡದಿಂದ ಇಳಿದು ದವಡೆಯ ತಿರುವಿಗೆ ಬಂತು. ಒಂದು ಕಡೆಯ ಕೆನ್ನೆ ಬರಿದಾಯಿತು. ಕತ್ತಿ ಒರೆಸಲು ಅವನು ಕೈ ತೆಗೆದಾಗ ಮರಿಗುರು ಹೇಳಿದ:

"ದೇವರು ಕೊಟ್ಟಿಲ್ಲ."

"ಏನು?"

"ಆ ಮಾತು ದೇವರು ಕೊಟ್ಟಿದ್ದಲ್ಲ. ನನಗೆ ಯಾವ ದನಿಯೂ ಕೇಳಿಸ್ಲಿಲ್ಲ. ನಾನೇ ಹೇಳಿದ್ದು. ನೀವು ಸಭೆಗೆ ಬರ್ಲಿ ಅಂತ ಆಸೆ ಇತ್ತು, ಹೇಳ್ಬಿಟ್ಟೆ. ಅಕ್ಕನಿಗೆ ತುಂಬ ನೋವಾಗ್ತಿದೆ. ನಡೆಸ್ಬೇಡಿ. ಮಗಳನ್ನ ಕರೆಸಿ. ಇವತ್ತೇ ಕರೆಸಿ."

ಕನ್ನಡಿಯಲ್ಲಿ ಕ್ಷೌರಿಕನ ಕೈ ನಿಂತಿತು. ಮುಖದಲ್ಲಿ ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದವನಂತೆ ಹುಬ್ಬು ಗಂಟಿಕ್ಕಿ ಕನ್ನಡಿಯಲ್ಲಿ ಮರಿಗುರುವನ್ನು ನೋಡಿದ, ತಿರುಗಿ ಜೊತೆಗಾರನನ್ನು ನೋಡಿದ. ಜೊತೆಗಾರ ಪತ್ರಿಕೆ ಮಡಚಿ ಹೌದೆಂದು ತಲೆಯಾಡಿಸಿದ.

"ಅವಳಿಗೆ ಗೊತ್ತಾ?"

"ಗೊತ್ತು. ಉಳಿಯಲ್ಲ ಅಂತ ಮೊದಲಿಂದ್ಲೂ ಗೊತ್ತು."

"ಗೊತ್ತಿದ್ದೂ ನಡೆದ್ಲಾ?"

ಕ್ಷೌರಿಕ ಇನ್ನೊಂದು ಕೆನ್ನೆಗೆ ಬಂದ. ಮರಿಗುರು ಕಣ್ಣು ಮುಚ್ಚಿಕೊಂಡ. ಕುಯ್ದರೆ ಕುಯ್ಯಲಿ ಎಂದುಕೊಂಡ. ಕುಯ್ಯಲಿಲ್ಲ. ಎಂದಿನಷ್ಟೇ ಹಗುರವಾಗಿ ಕತ್ತಿ ಇಳಿಯಿತು, ಮೂಗಿನ ಕೆಳಗೆ, ಗಲ್ಲದ ಗುಳಿಯಲ್ಲಿ, ಗಂಟಲಿನ ಮೇಲೆ. ಕೆಲಸ ಮುಗಿಸಿ, ಮುಖ ಒರೆಸಿ, ಬಟ್ಟೆ ಬಿಚ್ಚಿ ಕೊಡವಿದ. ಆಮೇಲೆ ಗೋಡೆಗೆ ಮುಖ ಮಾಡಿ ಫೋನ್ ಹಚ್ಚಿದ.

"ನಾನಮ್ಮ. ಹೊರಟು ಬಾ. ಹೂಂ. ಇಲ್ಲ, ಇನ್ನೂ ಇದಾಳೆ. ಹೊರಟು ಬಾ."

ಮಗಳು ಬರುವ ದಿನ ಇಬ್ಬರೂ ಬೆಳಗ್ಗೆಯೇ ಸಲೂನಿಗೆ ಹೋದರು. ಹೋಗುವುದೋ ಬೇಡವೋ ಎಂದು ಮರಿಗುರು ದಾರಿಯುದ್ದಕ್ಕೂ ಒದ್ದಾಡಿದ್ದ. ಕ್ಷೌರಿಕ ಷಟರ್ ಅರ್ಧಕ್ಕೆ ಎತ್ತಿ ನಿಂತಿದ್ದ. ಮಂಚವನ್ನು ಕಿಟಕಿಯ ಬಳಿಗೆ ಸರಿಸಬೇಕಾಗಿತ್ತು. "ನೀನು ಬಾ," ಎಂದು ಜೊತೆಗಾರನನ್ನು ಕರೆದ. ಮರಿಗುರು ಕೂಡ ಚಪ್ಪಲಿ ಬಿಡಲು ಬಗ್ಗಿದ.

"ನೀನು ಕೆಳಗಿರು."

ಮರಿಗುರು ಕೆಳಗಿದ್ದ. ಮೇಲೆ ಮಂಚದ ಕಾಲುಗಳು ಸರಿದವು. ಗಿರಾಕಿಗಳ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ ಅವನು ನಿಂತೇ ಇದ್ದ. ಬಿಸಿಲು ಹೊಸ್ತಿಲಿಗೆ ಬರುವ ಹೊತ್ತಿಗೆ ಒಂದು ಆಟೋ ನಿಂತು, ಕೈಯಲ್ಲಿ ದೊಡ್ಡ ಚೀಲ ಹಿಡಿದ ಹೆಂಗಸೊಬ್ಬಳು ಬಗ್ಗಿ ಒಳಗೆ ಬಂದಳು. ಹುಬ್ಬು ಗಂಟಿಕ್ಕಿದ ರೀತಿ ಥೇಟು ಅಪ್ಪನದೇ.

"ಅಮ್ಮ?" ಎಂದಳು.

"ಮೇಲಿದಾರೆ. ಎಚ್ಚರ ಇದೆ."

ಎರಡು ಮೆಟ್ಟಿಲು ಹತ್ತಿ ನಿಂತು ತಿರುಗಿದಳು. "ನೀವಾ ಅವರು? ನೀವು ಹೇಳಿದ್ದಕ್ಕೇ ಅಪ್ಪ ನನ್ನ ಕರೆಸಿದ್ದಂತೆ. ಇಲ್ದಿದ್ರೆ ಆ ಮನುಷ್ಯ ಎಲ್ಲಿ ಕರೀತಿದ್ರು. ನಿಮ್ಮ ಉಪಕಾರ ಮರೆಯಲ್ಲ."

ಅಪ್ಪ ಅಷ್ಟನ್ನೇ ಹೇಳಿದ್ದ, ಉಳಿದದ್ದನ್ನು ನುಂಗಿಕೊಂಡಿದ್ದ. ಮರಿಗುರು ಬಾಯಿ ತೆರೆಯುವಷ್ಟರಲ್ಲಿ ಅವಳು ಓಡಿ ಹತ್ತಿದ್ದಳು. ಮೇಲೆ ತಾಯಿ ಏನೋ ಅಂದಳು, ಮಗಳು ಅಳುತ್ತಲೇ ನಕ್ಕಳು. ಮರಿಗುರು ಗೋಡೆಗೆ ಒರಗಿ ನಿಂತ. ಉಪಕಾರ ಎಂಬ ಮಾತು ಏಟಿಗಿಂತ ಹೆಚ್ಚಾಗಿ ಉರಿಯುತ್ತಿತ್ತು.

ಷಟರಿನ ಕೆಳಗಿಂದ ಒಂದು ನರೆತ ತಲೆ ಇಣುಕಿತು. "ಅಂಗಡಿ ತೆಗೆದಿದ್ಯಾ?"

"ಇವತ್ತಿಲ್ಲ. ಅವರ ಮಗಳು ಬಂದಿದಾರೆ."

"ಓಹೋ, ಮಗಳು ಬಂದ್ಲಾ? ಹಾಗಾದ್ರೆ ಮನೆಯವರಿಗೆ ಗುಣ ಆಯ್ತು ಅನ್ನಿ."

"ಇಲ್ಲ," ಎಂದ ಮರಿಗುರು. "ಗುಣ ಆಗಲ್ಲ."

ಮುದುಕ ಅವನ ಬಿಳಿ ಅಂಗಿಯನ್ನು, ಹೆಗಲ ಚೀಲವನ್ನು ಮೇಲಿಂದ ಕೆಳಗೆ ನೋಡಿದ. "ದೇವರ ಕೆಲಸಕ್ಕೆ ಬಂದೋರು ಹಾಗನ್ಬಹುದೇನಪ್ಪ? ಸ್ವಲ್ಪ ನಂಬಿಕೆ ಇರ್ಬೇಕು," ಎಂದು ಬುದ್ಧಿ ಹೇಳಿ, ಗಡ್ಡ ಕೆರೆದುಕೊಳ್ಳುತ್ತ ಹೋದ.

ಮರಿಗುರು ಹೊರಗಿನ ಸದ್ದು ಒಳಗೆ ಬಾರದಂತೆ ಷಟರನ್ನು ಕೆಳಗೆಳೆದ. ಕತ್ತಲಾದ ಅಂಗಡಿಯಲ್ಲಿ ಕನ್ನಡಿಯ ಎದುರು ಸಾಬೂನಿನ ಬಟ್ಟಲು, ನೀರಿನ ಸೀಸೆ, ತೊಳೆದಿಟ್ಟ ಬಾಚಣಿಗೆಗಳು ಕಣ್ಣು ಹೊಂದಿಕೊಂಡಂತೆ ಒಂದೊಂದಾಗಿ ಕಾಣತೊಡಗಿದವು.