ಸೆಟ್ಲ್‌ಗೆ ಎರಡು ಬೇರು

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ದೊಡ್ಡಕ್ಕ ಅಂದರೆ ಇಪ್ಪತ್ತೆರಡು ವರ್ಷದ ಅನುಭವ. ಪದದ ಅರ್ಥ ಬರೆದ ಅವಳ ಚೀಟಿಯನ್ನು ಸಂಪಾದಕರೂ ತಿದ್ದುತ್ತಿರಲಿಲ್ಲ. ‘ಸೆಟ್ಲ್’ ಎಂಬ ಇಂಗ್ಲಿಷ್ ಕ್ರಿಯಾಪದ ಅವಳ ನಾಲ್ಕು ದಿನ ತಿಂದಿತ್ತು. ಮದುವೆಯಾದರೂ ಸೆಟ್ಲ್, ಕೆಲಸ ಸಿಕ್ಕರೂ ಸೆಟ್ಲ್, ಕಾಫಿಯ ಚರಟ ತಳಕ್ಕಿಳಿದರೂ ಸೆಟ್ಲ್. ನೆಲೆಸು, ಕೂರಿಸು, ತಳಕ್ಕಿಳಿ, ಜಗಳ ಬಗೆಹರಿಸು ಎಂದೆಲ್ಲ ಅರ್ಥ ಕೊಟ್ಟು, ಮೂಲದಲ್ಲಿ ಅದು ಕೂರುವ ಪೀಠದ ಹೆಸರು ಎಂದು ಬರೆದು ನಿಟ್ಟುಸಿರಿಟ್ಟಳು.

ಆರು ತಿಂಗಳ ಹಿಂದಷ್ಟೇ ಸೇರಿದ್ದ, ಎಲ್ಲರೂ ಚುರುಕಿ ಎಂದು ಕರೆಯುತ್ತಿದ್ದ ಹುಡುಗಿ ಮರುದಿನ ಸಂಪಾದಕರ ಮುಂದೆ ಒಂದು ಪುಟ್ಟ ಚೀಟಿ ಇಟ್ಟಳು.

“ಜಗಳ ಬಗೆಹರಿಸೋ ಅರ್ಥ ಪೀಠದಿಂದಷ್ಟೇ ಬಂದಿರಲಿಕ್ಕಿಲ್ಲ ಸಾರ್. ರಾಜಿ ಮಾಡಿಸು ಅನ್ನೋ ಅರ್ಥದ ಇನ್ನೊಂದು ಹಳೇ ಇಂಗ್ಲಿಷ್ ಮಾತು ಇತ್ತು. ಎರಡೂ ಒಂದೇ ಥರ ಕೇಳಿಸಿ ಬೆರೆತಿರಬೇಕು.”

“ಭೇಷ್! ಇದು ನಮಗ್ಯಾರಿಗೂ ಹೊಳೀಲೇ ಇಲ್ವಲ್ಲ!” ಎಂದರು ಸಂಪಾದಕರು.

ಆ ‘ನಮಗ್ಯಾರಿಗೂ’ ದೊಡ್ಡಕ್ಕನ ಎದೆಗೆ ನಾಟಿತು. ಇಪ್ಪತ್ತೆರಡು ವರ್ಷದಲ್ಲಿ ತನಗೆ ಒಂದು ಭೇಷ್ ಸಿಕ್ಕಿದ್ದು ನೆನಪಿಗೇ ಬರಲಿಲ್ಲ. ಊಟದ ಹೊತ್ತಿಗೆ ಎಲ್ಲರೂ ಹೊರಗೆ ಹೋದಾಗ, ಅಚ್ಚಿಗೆ ಹೋಗಲಿದ್ದ ಕಟ್ಟಿನಿಂದ ಆ ಚೀಟಿ ಎಳೆದು ತನ್ನ ಕೈಚೀಲಕ್ಕೆ ತುರುಕಿದಳು. ಹೊಟ್ಟೆಯ ಉರಿ ಒಂದಿಷ್ಟು ತಣ್ಣಗಾಯಿತು.

ವಾರದ ಮೇಲೆ ಅಚ್ಚುಮನೆಯಿಂದ ಕರಡು ಬಂತು. ರಾಜಿಯ ಸಾಲು ಇರಲಿಲ್ಲ.

“ಚೀಟಿ ಕಟ್ಟಿಗೆ ಸೇರಿಸಿದ್ಯೋ ಇಲ್ವೋ? ಇಷ್ಟೊಂದು ಅಜಾಗರೂಕತೆನಾ?” ಸಂಪಾದಕರು ಗದರಿದರು.

ಚುರುಕಿಯ ಮುಖ ಸಣ್ಣಗಾಯಿತು. “ನಾನೇ ಎಲ್ಲೋ ಬೀಳಿಸಿರಬೇಕು ಸಾರ್” ಎಂದವಳು ನೆಲಕ್ಕೆ ಮಂಡಿಯೂರಿ ಕಪಾಟಿನ ಅಡಿ ತಡಕತೊಡಗಿದಳು. ಸೀರೆಯ ಅಂಚಿಗೆಲ್ಲ ಧೂಳು. ದೊಡ್ಡಕ್ಕ ಮೊದಲು ಖುಷಿಯಿಂದಲೇ ನೋಡಿದಳು. ಆಮೇಲೆ ಹುಡುಗಿ ಅವಳ ಕಾಲ ಬಳಿಗೇ ಬಂದು, “ಸ್ವಲ್ಪ ಕಾಲು ಎತ್ತಿ ದೊಡ್ಡಕ್ಕ, ಇಲ್ಲಿ ಬಿದ್ದಿರಬಹುದು” ಎಂದಾಗ ತಡೆಯಲಾಗಲಿಲ್ಲ.

“ಏಳಮ್ಮ. ಅಲ್ಲಿಲ್ಲ. ನಾನೇ ತೆಗೆದೆ.”

“ಯಾಕೆ?” ಎಂದರು ಸಂಪಾದಕರು.

“ಹೊಟ್ಟೆಕಿಚ್ಚು ಸಾರ್. ಇನ್ನೇನು?”

ಸಾಲು ಕರಡಿಗೆ ಸೇರಿತು. ಮುಂದಿನ ಅಕ್ಷರದ ಪದಗಳ ಹೊಣೆ ಮಾತ್ರ ದೊಡ್ಡಕ್ಕನ ಕೈತಪ್ಪಿ ಚುರುಕಿಗೆ ಹೋಯಿತು. ನಾಲ್ಕನೆಯ ದಿನ ಹುಡುಗಿ ಒಂದು ಹಾಳೆ ಹಿಡಿದು ಬಂದು ನಿಂತಳು.

“ಈ ಪದ ನನ್ ಕೈಲಿ ಆಗ್ತಿಲ್ಲ. ನೋಡ್ತೀರಾ?”

ದೊಡ್ಡಕ್ಕ ಕನ್ನಡಕ ಏರಿಸಿ ಓದಿದಳು. ಹುಡುಗಿಯ ಬರಹ ಅಚ್ಚುಕಟ್ಟಾಗಿತ್ತು. ಅದನ್ನು ನೋಡಿ ಒಳಗೆ ಮತ್ತೆ ಚುರುಕ್ಕೆಂದಿತು. ಆದರೂ ಪಕ್ಕದ ಸ್ಟೂಲು ಎಳೆದು, “ಕೂತ್ಕೋ. ಎರಡನೇ ಅರ್ಥ ತಪ್ಪಿದೆ” ಎಂದಳು.