ಕಪ್ಪು ಕಲ್ಲಿನ ತೂಕ

ಜೋಲಿ ಇನ್ನೂ ಹಸಿ, ಅಂಚಿನಲ್ಲಿ ಸೋಪಿನ ವಾಸನೆ, ನಿನ್ನೆಯೇ ಒಗೆದು ಹಾಕಿದ್ದು, ದ್ವೀಪದ ಈ ಸಮುದ್ರದ ಗಾಳಿಗೆ ಯಾವ ಬಟ್ಟೆ ಪೂರ್ತಿ ಒಣಗುತ್ತದೆ, ಇರಲಿ, ತಣ್ಣಗಾದರೆ ಕೂಸುಗಳು ಅಳುತ್ತವೆ ಅಷ್ಟೆ, ಅತ್ತರೆ ಒಳ್ಳೆಯದೇ, ಅಂದುಕೊಂಡು ಮೊಯೆಲಾಂಗಿ ತೂಕದ ಯಂತ್ರವನ್ನು ತೊಲೆಗೆ ಸಿಕ್ಕಿಸಿ ಕೆಳಗೆ ಜೋಲಿ ಕಟ್ಟಿದಳು, ಮುಳ್ಳು ಒಮ್ಮೆ ನಡುಗಿ ಸೊನ್ನೆಯಲ್ಲಿ ನಿಂತಿತು. ಹನ್ನೊಂದು ವರ್ಷದಿಂದ ಅವಳದೇ ಕೆಲಸ, ತಿಂಗಳಿಗೊಮ್ಮೆ, ಹೆಂಗಸರ ಸಮಿತಿಯ ಈ ಗೋಡೆಯಿಲ್ಲದ ಮನೆಯಲ್ಲಿ, ಊರಿನ ಕೂಸುಗಳನ್ನೆಲ್ಲ ಒಂದೊಂದಾಗಿ ಜೋಲಿಗಿಳಿಸಿ ಮುಳ್ಳು ನೋಡಿ ಕೂಗಿ ಹೇಳುವುದು, ಕೂಗಲೇಬೇಕು, ಅಜ್ಜಿಯರ ಕಾಲದಿಂದ ಹಾಗೇ, ತೂಕ ಏರಿದರೆ ಕಂಬಕ್ಕೊರಗಿ ಕೂತವರೆಲ್ಲ ಚಪ್ಪಾಳೆ ತಟ್ಟುತ್ತಾರೆ, ಇಳಿದರೆ ತಟ್ಟುವುದಿಲ್ಲ, ಆ ತಟ್ಟದಿರುವುದು ಸಂಜೆಯೊಳಗೆ ಮನೆಯ ಯಜಮಾನನ ಕಿವಿ ಮುಟ್ಟುತ್ತದೆ, ಭಾನುವಾರ ಚರ್ಚಿನಲ್ಲಿ ಆ ತಾಯಿ ಹಿಂದಿನ ಬೆಂಚು ಹುಡುಕುತ್ತಾಳೆ. ಹಾಗಂತ ಸಮಿತಿ ಕೈಬಿಡುವುದಿಲ್ಲ, ಮನೆಮನೆಯಿಂದ ಸರದಿಯ ಮೇಲೆ ಮೀನಿನ ಸಾರು ಹೋಗುತ್ತದೆ, ಪಪ್ಪಾಯಿ ಬೇಯಿಸಿದ್ದು ಹೋಗುತ್ತದೆ, ನರ್ಸ್ ತಾವಿತಾ ವಾರವಾರ ಹೋಗುತ್ತಾಳೆ, ಎಲ್ಲಾ ಇದೆ — ಆದರೆ ಮೊದಲು ಆ ಮೌನದಲ್ಲಿ ಕೂತು ಬರಬೇಕು.

ಸಮಿತಿಯ ಹಿರಿಯಳು ಸಾಫುವಾ ಬೀಸಣಿಗೆ ಬೀಸಿಕೊಳ್ಳುತ್ತಾ ಮೊದಲ ಕೂಸನ್ನು ನೋಡಿ, ಅಯ್ಯೋ ಇದನ್ನ ಇಲ್ಲಿ ಯಾಕೆ ತಂದ್ರೇ, ಹಂದಿ ತೂಗೋದು ಪೇಟೇಲಿ, ತೊಲೆ ಮುರಿದರೆ ಇವಳ ಗಂಡ ಕಟ್ಟಿಕೊಡ್ತಾನಾ, ಅಂದಳು, ನಗು, ಚಪ್ಪಾಳೆ, ಕೂಸು ಜೋಲಿಯಲ್ಲಿ ಕಾಲು ಝಾಡಿಸಿ ಕಿರುಚಿತು, ಒಂಬತ್ತೂವರೆ ಕಿಲೋ ಎಂದು ಕೂಗಿದಳು ಮೊಯೆಲಾಂಗಿ, ಕೂಗುವಾಗಲೂ ಅವಳ ಕಣ್ಣು ದಾರಿಯ ಮೇಲೆ, ಲೀಟಿಯಾ ಇನ್ನೂ ಬಂದಿಲ್ಲ. ಹೋದ ತಿಂಗಳು ಲೀಟಿಯಾಳ ಮಗ ಪೆನಿಯನ್ನು ಎತ್ತಿದಾಗ ಕೈಗೆ ತಾಗಿದ್ದು, ಬಟ್ಟೆಯ ಮಡಿಕೆಯಲ್ಲಿ ಗಟ್ಟಿಯಾಗಿ, ತಣ್ಣಗೆ, ಒಂದು ಈ ಕಡೆ ಒಂದು ಆ ಕಡೆ — ಕಲ್ಲು ಅಂತ ಬೆರಳಿಗೆ ಗೊತ್ತಾಯಿತು, ಮನಸ್ಸಿಗೆ ಗೊತ್ತಾಗುವ ಮೊದಲೇ. ಲೀಟಿಯಾ ಅವಳ ಮುಖವನ್ನೇ ನೋಡುತ್ತಿದ್ದಳು, ಹತ್ತೊಂಬತ್ತರ ಹುಡುಗಿ, ಗಂಡ ನ್ಯೂಜಿಲೆಂಡಿನ ತೋಟದಲ್ಲಿ ಸೇಬು ಕೀಳಲು ಹೋಗಿ ಐದು ತಿಂಗಳು, ಎದೆಹಾಲು ಬತ್ತಿದ್ದನ್ನು ಅತ್ತೆಗೂ ಹೇಳಿಕೊಳ್ಳಲಾರದೆ ಸಕ್ಕರೆ ನೀರು ಕುಡಿಸುತ್ತಿದ್ದಳೆಂದು ಆಮೇಲೆ ತಿಳಿಯಿತು, ಆಗ ಕಂಡದ್ದು ಕಣ್ಣು ಮಾತ್ರ, ಅಕ್ಕಾ ಹೇಳಬೇಡಿ ಅನ್ನುವ ಕಣ್ಣು. ಆರೂಕಾಲು ಎಂದು ಕೂಗಿದಳು ಮೊಯೆಲಾಂಗಿ. ಚಪ್ಪಾಳೆ. ಮಗುವಿನ ತೂಕದ ಕಾರ್ಡಿನಲ್ಲಿ ತನ್ನ ಕೈಯಿಂದಲೇ ಬರೆದಳು, ಪಾಪದ ಹುಡುಗಿ, ಇವತ್ತೊಂದು ದಿನ ಮಾನ ಉಳಿಯಲಿ, ನಾಳೆ ನಾನೇ ಸಾರು ತಗೊಂಡು ಹೋಗ್ತೀನಿ ಅಂತ.

ಆ ನಾಳೆ ತನ್ನ ಮಗಳಿಗೆ ಜ್ವರ ಬಂತು, ನಾಡಿದ್ದು ಚರ್ಚಿನ ಚಾಪೆ ಹೆಣೆದು ಮುಗಿಸಬೇಕಿತ್ತು, ಬಟ್ಟೆ, ಒಲೆ, ಮತ್ತೆ ಬಟ್ಟೆ, ಹೋದದ್ದು ಒಂಬತ್ತನೇ ದಿನ. ಲೀಟಿಯಾಳ ಅತ್ತೆ ಮೆಟ್ಟಿಲ ಮೇಲೇ ಕೂತಿದ್ದಳು, ಸಾರಿನ ಪಾತ್ರೆ ನೋಡಿ ಮುಖ ಗಂಟಿಕ್ಕಿ, ನಮ್ಮನೆ ಮಗೂಗೆ ಏನಾಗಿದೆ ಅಂತ ಇದು, ನೀನೇ ಅಲ್ವಾ ಕೂಗಿದ್ದು ಆರೂಕಾಲು ಅಂತ, ಅಂದಳು. ಮೊಯೆಲಾಂಗಿ ಪಾತ್ರೆ ಹಿಡಿದು ತಿರುಗಿದಾಗ ಅಂಗಳದಲ್ಲಿ ಲೀಟಿಯಾಳ ಮಾವನ ಸಮಾಧಿ, ಸಾಲಾಗಿ ಜೋಡಿಸಿದ ನುಣುಪಾದ ಕಪ್ಪು ಕಲ್ಲುಗಳ ನಡುವೆ ಎರಡು ಖಾಲಿ ಗುಳಿ, ಗುಳಿಯಲ್ಲಿ ಇರುವೆ. ನರ್ಸ್ ತಾವಿತಾಳ ಪಟ್ಟಿಯಲ್ಲಿ ಪೆನಿಯ ಹೆಸರಿರಲಿಲ್ಲ, ಯಾಕಿರುತ್ತದೆ, ಎರಡು ಸಲ ಅವಳು ಆ ಮನೆಯ ಮುಂದೆಯೇ ನಡೆದು ಹೋದಳು.

ಬಂದಳು. ಇವತ್ತು ಎಲ್ಲರಿಗಿಂತ ಕೊನೆಗೆ ಲೀಟಿಯಾ, ಹೆಗಲಲ್ಲಿ ಹೆಣೆದ ಚೀಲ, ಅದನ್ನು ಕಂಬದ ಬುಡಕ್ಕಿಟ್ಟು ಒಂದು ಗಳಿಗೆ ಅದನ್ನೇ ನೋಡಿ, ಮಗುವನ್ನು ಮಾತ್ರ ಎತ್ತಿಕೊಂಡು ನಡೆದು ಬಂದಳು. ಮೊಯೆಲಾಂಗಿ ಕೈ ಚಾಚಿದಳು, ಭಾರಕ್ಕೆ ಸಿದ್ಧವಾಗಿದ್ದ ಕೈ ಮೇಲಕ್ಕೆ ಚಿಮ್ಮಿತು, ಬಟ್ಟೆಯಲ್ಲಿ ಏನೂ ಇಲ್ಲ, ಬಟ್ಟೆಯೊಳಗೂ ಏನೂ ಇಲ್ಲ ಅನ್ನುವಷ್ಟು, ಎಂಟು ತಿಂಗಳ ಮಗು, ಹಸಿ ಜೋಲಿಗಿಳಿಸಿದರೂ ಅಳಲಿಲ್ಲ, ಅಳು ಮಗನೇ, ಒಂದು ಸಲ ಅಳು, ಮುಳ್ಳು ಸ್ವಲ್ಪ ಏರಿ ನಿಂತಿತು. ಲೀಟಿಯಾಳ ತುಟಿ ಅಲುಗಿತು, ಇವತ್ತು ಇದ್ದಂಗೇ ಹೇಳಿಬಿಡಿ ಅಕ್ಕಾ.

ನಾಲ್ಕೂಮುಕ್ಕಾಲು.

ಎತ್ತಿದ ಕೈಗಳು ಹಾಗೇ ನಿಂತವು, ಸಾಫುವಾಳ ಬೀಸಣಿಗೆ ನಿಂತಿತು. ತಾವಿತಾ ಎದ್ದು ಬಂದು ಮಗುವಿನ ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಳು, ಚಿವುಟಿದ್ದು ಮಡಿಕೆಯಾಗಿಯೇ ಉಳಿಯಿತು, ಕಾರ್ಡು ನೋಡಿದಳು, ಒಂದೇ ತಿಂಗಳಿಗೆ ಒಂದೂವರೆ ಕಿಲೋ ಎಲ್ಲಿ ಹೋಯ್ತು, ಇದನ್ನ ಬರೆದವರು ಯಾರು, ಎಂದಳು, ಉತ್ತರಕ್ಕೆ ಕಾಯಲಿಲ್ಲ, ಲಾರಿ ಕರೆಸಿ ಅಂದಳು, ಹಡಗು ಮೂರು ಗಂಟೆಗೆ, ಆಚೆ ದ್ವೀಪದ ಆಪಿಯಾ ಆಸ್ಪತ್ರೆ ಮುಟ್ಟುವಾಗ ಕತ್ತಲಾಗುತ್ತದೆ, ಹದಿನೈದು ದಿನದ ಹಿಂದೆ ತಿಳಿದಿದ್ದರೆ, ಅಂದಳು. ಲೀಟಿಯಾ ಮಗುವನ್ನು ಅವಚಿಕೊಂಡು ಲಾರಿ ಹತ್ತಿದಳು, ಚೀಲ ಕಂಬದ ಬುಡದಲ್ಲೇ ಉಳಿಯಿತು, ಧೂಳು ಇಳಿಯಿತು, ಯಾರೂ ಏಳಲಿಲ್ಲ, ಖಾಲಿ ಜೋಲಿ ತೂಗುತ್ತಿದೆ, ಮುಳ್ಳು ಸೊನ್ನೆಯಲ್ಲಿ. ಮೊಯೆಲಾಂಗಿ ಚೀಲಕ್ಕೆ ಕೈ ಹಾಕಿದಳು, ಗೊತ್ತಿತ್ತು ಅವಳಿಗೆ, ಎರಡೂ ಅಲ್ಲೇ ಇದ್ದವು, ಬಿಸಿಲಿಗೆ ಬೆಚ್ಚಗಾಗಿ, ಮಗುವಿನ ಹಾಗೆ, ಕೊನೆಯ ಹೆಜ್ಜೆಯವರೆಗೂ ಹೊತ್ತು ತಂದಿದ್ದಾಳೆ ಹುಡುಗಿ, ನಾನು ಹೋದ ತಿಂಗಳು ಬಾಯಿ ಬಿಟ್ಟಿದ್ದರೆ ಒಂದು ಸಲ ಹೊರುವುದರಲ್ಲೇ ಮುಗಿಯುತ್ತಿತ್ತು, ಸಾಫುವಾ ನೋಡುತ್ತಿದ್ದಾಳೆ, ಎಲ್ಲರೂ ನೋಡುತ್ತಿದ್ದಾರೆ, ನೋಡಲಿ, ಒಂದನ್ನು ಜೋಲಿಗಿಳಿಸಿದಳು, ಮೆಲ್ಲಗೆ, ತಲೆಗೆ ಕೈ ಕೊಟ್ಟು ಇಳಿಸಿದ ಹಾಗೆ, ಇನ್ನೊಂದನ್ನೂ, ಬರೆದದ್ದು ನಾನು ಎಂದಳು, ಮುಳ್ಳು ಏರಿತು, ನಡುಗಿತು, ಕೂಗಲೇಬೇಕು, ಕೂಗಿದಳು, ಒಂದೂಕಾಲು, ಯಾರೂ ತಟ್ಟಲಿಲ್ಲ, ಮುಳ್ಳು ಅಲ್ಲೇ, ಒಂದೂಕಾಲು, ಜೋಲಿಯಲ್ಲಿ ಎರಡು ಕಪ್ಪು ಕಲ್ಲು, ಅಳದೆ, ಒಂದೂಕಾಲು —